ಉಳಿದ ಮೂರು ಕಾಲು

ಕಳೆದ ತಿಂಗಳು ಒಂದು ಸಂಜೆ ಆಫೀಸ್ ಕ್ಯಾಬ್ ರೇಸ್‌ಕೋರ್ಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹೊರಗೆ ಮಳೆ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಕಾಂಪೌಂಡ್ ಗೋಡೆಯ ಕಡೆ ನೋಡುತ್ತಾ, "ಕಾಲು ಮುರಿದ ಕುದುರೆಗೆ ಗುಂಡು ಹೊಡೀತಾರಂತಲ್ಲಾ ಸಾರ್, ನಿಜಾನಾ? ಅಷ್ಟು ಕೋಟಿ ಕೋಟಿ ದುಡ್ಡು ಹಾಕಿರ್ತಾರೆ, ಒಂದು ಬ್ಯಾಂಡೇಜ್ ಹಾಕ್ಸೋಕಾಗಲ್ವಾ?" ಅಂದ. ಪಕ್ಕದಲ್ಲಿದ್ದವರು, "ಓಡದ ಕುದುರೆಗೆ ಹುಲ್ಲು ಯಾರು ಹಾಕ್ತಾರೆ ಗುರೂ, ದುಡ್ಡಿನ ಲೆಕ್ಕ ಅಷ್ಟೇ" ಅಂದರು. ಎಲ್ಲರೂ ಹೂಂಗುಟ್ಟಿದರು. ನಾನು ಸುಮ್ಮನಿದ್ದೆ. ಯಾಕೆಂದರೆ ಇದೇ ಮಾತನ್ನು ನಾನೂ ಒಂದು ಸಲ ಆಡಿದ್ದೆ. ಹತ್ತು ವರ್ಷದ ಹುಡುಗನಾಗಿದ್ದಾಗ, ಶಾಲೆಯಲ್ಲಿ, ಎಲ್ಲರೆದುರಿಗೆ, ಒಬ್ಬ ಗೆಳೆಯನ ಮುಖಕ್ಕೆ ಹೊಡೆದ ಹಾಗೆ.

ನಮ್ಮೂರು ಕುಣಿಗಲ್ ಕಡೆಯದು. ಕುಣಿಗಲ್ ಅಂದ ತಕ್ಷಣ ಎಲ್ಲರಿಗೂ ಕೆರೆಯ ಹಾಡು ನೆನಪಾಗುತ್ತದೆ, ಅದು ಬಿಟ್ಟರೆ ಕುದುರೆ ಫಾರಂ. ಟಿಪ್ಪುವಿನ ಅಶ್ವದಳದ ಕಾಲದಿಂದ ಅಲ್ಲಿ ಕುದುರೆ ಸಾಕಿಕೊಂಡು ಬಂದಿದ್ದಾರೆ. ಆಮೇಲೆ ಅದು ರೇಸ್ ಕುದುರೆಗಳ ಜಾಗವಾಯಿತು. ಬಸ್ಸಿನ ಕಿಟಕಿಯಿಂದ ಆ ಹೊಳೆಯುವ ಮೈ ಕಾಣಿಸಿದರೆ ನಮಗೆ ಹಬ್ಬ. ಆದರೆ ನಾವು ಕೈಯಿಂದ ಮುಟ್ಟಿ ನೋಡಿದ್ದ ಕುದುರೆ ಒಂದೇ. ಬಸ್‌ಸ್ಟಾಪಿನಿಂದ ಊರಿಗೆ, ಊರಿಂದ ಸಂತೆಗೆ ಜನರನ್ನು ಸಾಗಿಸುತ್ತಿದ್ದ ಜಟಕಾ ಸಾಬರ ರಾಜ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ಬೆನ್ನೆಲುಬು ಎಣಿಸಬಹುದಾದಷ್ಟು ಬಡಕಲು. ಸಾಬರ ಮಗ ನನ್ನ ಬೆಂಚಿನವನೇ. ಹಾಗಾಗಿ ನನಗೆ ಮಾತ್ರ ಮುಂದಿನ ಸೀಟು ಖಾಯಂ.

ಒಂದು ಮಳೆಗಾಲದ ಮುಂಜಾನೆ ಮೋರಿಯ ಚಪ್ಪಡಿ ಕಲ್ಲಿನ ಸಂದಿಗೆ ರಾಜನ ಮುಂಗಾಲು ಸಿಕ್ಕಿಕೊಂಡಿತು. ಅದು ಹೆದರಿ ಎಳೆದುಕೊಂಡ ರಭಸಕ್ಕೆ ಮಂಡಿಯಿಂದ ಕೆಳಗೆ ಕಾಲು ಮುರಿಯಿತು. ನಾನು ಓಡಿಹೋಗುವ ಹೊತ್ತಿಗೆ ಗಾಡಿ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ರಾಜ ಮೂರು ಕಾಲಿನ ಮೇಲೆ ನಿಂತಿತ್ತು. ನಾಲ್ಕನೆಯದು ಜೋತಾಡುತ್ತಿತ್ತು. ಮೈಯೆಲ್ಲ ಬೆವರು, ಕಣ್ಣಿನ ಬಿಳಿ ಪೂರ್ತಿ ಕಾಣುತ್ತಿತ್ತು. ನೋವಾಗುತ್ತಿದ್ದರೂ ಅದು ಮಲಗಲಿಲ್ಲ. ಜೋತಾಡುವ ಕಾಲನ್ನೇ ನೆಲಕ್ಕೆ ಊರಿ ಓಡಲು ನೋಡುತ್ತಿತ್ತು. ಹೋಬಳಿಯಿಂದ ದನದ ಡಾಕ್ಟ್ರು ಮೋಟಾರ್‌ಬೈಕಿನಲ್ಲಿ ಬಂದರು, ನೋಡಿದರು, ತಲೆ ಆಡಿಸಿದರು. ಸಾಬರು ನನ್ನ ತಾತನ ಮುಖ ನೋಡಿದರು. ತಾತ ಊರಿಗೆ ಹಿರಿಯರು, ದನಕರುವಿನ ವಿಷಯದಲ್ಲಿ ಅವರ ಮಾತಿಗೆ ಬೆಲೆ ಇತ್ತು. ಅವರು ಒಂದೇ ಮಾತು ಹೇಳಿದ್ದು: "ಬುಟ್ಬುಡಿ ಸಾಬ್ರೇ. ಇನ್ನ ನೋಯಿಸ್ಬ್ಯಾಡಿ."

ಡಾಕ್ಟ್ರು ಸೂಜಿ ಹಾಕಿದರು. ನಮ್ಮನ್ನೆಲ್ಲ ಓಡಿಸಿದರು.

ನನಗೆ ಸಿಟ್ಟು ಬಂದದ್ದಕ್ಕೆ ಕಾರಣವಿತ್ತು. ಅದಕ್ಕೆ ಹಿಂದಿನ ವರ್ಷವಷ್ಟೇ ನಮ್ಮ ಮನೆಯ ಹೋರಿಗರು ಕಾಲು ಮುರಿದುಕೊಂಡಿತ್ತು. ಇದೇ ತಾತ ಪಕ್ಕದೂರಿನಿಂದ ಮೂಳೆ ಕಟ್ಟುವವರನ್ನು ಕರೆಸಿ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಬಳಿದು, ಬಿದಿರಿನ ದಬ್ಬೆ ಇಟ್ಟು ಕಟ್ಟಿಸಿದ್ದರು. ಕರು ಎರಡು ತಿಂಗಳು ಕೊಟ್ಟಿಗೆಯಲ್ಲಿ ಮಲಗಿಕೊಂಡು ಮೆಲುಕು ಹಾಕಿತು, ಎದ್ದಿತು, ಸ್ವಲ್ಪ ಕುಂಟುತ್ತಲೇ ದೊಡ್ಡದಾಗಿ ನೇಗಿಲಿಗೂ ಹೋಯಿತು. ಕರುವಿಗೆ ಆದದ್ದು ಕುದುರೆಗೆ ಯಾಕೆ ಆಗಲ್ಲ? ಆ ರಾತ್ರಿ ತಾತನನ್ನು ಕೇಳಿದೆ. "ಕುದ್ರೆ ಮಲಗಾಕಿಲ್ಲ ಕಣ್ಲಾ ಮಗಾ" ಅಂದರು. ಇದೂ ಒಂದು ಉತ್ತರವಾ ಅನ್ನಿಸಿತು. ಮಾರನೇ ದಿನ ಶಾಲೆಯಲ್ಲಿ ಗೆಳೆಯನಿಗೆ ಹೇಳಿಬಿಟ್ಟೆ: "ಖರ್ಚಾಯ್ತದೆ ಅಂತ ನಿಮ್ಮಪ್ಪ ರಾಜನ್ನ ಸಾಯಿಸ್ಬಿಟ್ರು." ಅವನು ಏನೂ ಅನ್ನಲಿಲ್ಲ. ಪುಸ್ತಕ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕುಳಿತ.

ಕ್ಯಾಬಿನಿಂದ ಇಳಿದು ಮನೆಗೆ ಬಂದವನು ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕಲು ಕುಳಿತೆ. ಒಂದು ರಾತ್ರಿಯ ಓದು ಅಂದುಕೊಂಡದ್ದು ಮೂರು ವಾರ ಹಿಡಿಯಿತು.

ಮೊದಲು ಕಾಲಿನ ವಿಷಯ. ನಾವು ಕುದುರೆಯ ಮುಂಗಾಲಿನ ಮಂಡಿ ಅನ್ನುವುದು ನಿಜಕ್ಕೂ ಅದರ ಮಣಿಕಟ್ಟು. ಅಲ್ಲಿಂದ ಕೆಳಗಿರುವುದೆಲ್ಲ ಅಂಗೈ ಮತ್ತು ಒಂದು ಬೆರಳು. ಗೊರಸು ಅಂದರೆ ಆ ಬೆರಳಿನ ಉಗುರು. ಸುಮಾರು 5.5 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದ ಕಾಡುಗಳಲ್ಲಿದ್ದ ಇದರ ಪೂರ್ವಜ ನಾಯಿ ಗಾತ್ರದ್ದು. ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಮೂರು ಬೆರಳಿದ್ದವು. ಕಾಡು ಕರಗಿ ಹುಲ್ಲುಗಾವಲು ಬಂತು. ಬಯಲಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ, ಓಡಿದವನಿಗೆ ಮಾತ್ರ ಉಳಿವು. ಲಕ್ಷಾಂತರ ತಲೆಮಾರುಗಳಲ್ಲಿ ಬದಿಯ ಬೆರಳುಗಳು ಸವೆದು ಹೋಗಿ ನಡುವಿನದೊಂದೇ ಉಳಿಯಿತು. ಕಾಲು ಉದ್ದವಾಯಿತು, ತೆಳುವಾಯಿತು. ಭಾರವಾದ ಮಾಂಸಖಂಡವೆಲ್ಲ ಮೇಲಕ್ಕೆ, ಭುಜ ಮತ್ತು ತೊಡೆಗೆ ಸರಿಯಿತು. ಬೀಸುವ ಕೋಲಿನ ತುದಿ ಹಗುರವಾಗಿದ್ದಷ್ಟೂ ಬೀಸುವುದು ಸುಲಭವಲ್ಲವೇ, ಹಾಗೆ.

ಈ ಡಿಸೈನಿಗೆ ತೆತ್ತ ಬೆಲೆ ಏನು ಅಂದರೆ, ಮಂಡಿಯಿಂದ ಕೆಳಗೆ ಮಾಂಸವೇ ಇಲ್ಲ ಅನ್ನಬಹುದು. ಮೂಳೆ, ಹಗ್ಗದಂಥ ಗಟ್ಟಿ ಹುರಿಗಳು, ಮೇಲೆ ಚರ್ಮ. ನಮಗೆ ಮೂಳೆ ಮುರಿದರೆ ಸುತ್ತಲಿನ ಮಾಂಸ ಅದನ್ನು ಹಿಡಿದುಕೊಳ್ಳುತ್ತದೆ, ರಕ್ತ ಒದಗಿಸುತ್ತದೆ. ಇಲ್ಲಿ ಆ ಆಸರೆ ಇಲ್ಲ. ಒಂದು ರೇಸ್ ಕುದುರೆಯ ತೂಕ ಸುಮಾರು 500 ಕಿಲೋ. ನಾಗಾಲೋಟದಲ್ಲಿ ಒಂದು ಕ್ಷಣಕ್ಕೆ ಒಂದೇ ಮುಂಗಾಲಿನ ಮೇಲೆ ಬೀಳುವ ಭಾರ ದೇಹತೂಕದ ಎರಡೂವರೆ ಪಟ್ಟಿನಷ್ಟು. ಆ ಭಾರದಲ್ಲಿ ಮೂಳೆ ಮುರಿದರೆ ಎರಡು ತುಂಡಾಗುವುದಿಲ್ಲ, ಚೂರುಚೂರಾಗುತ್ತದೆ. ಚೂರುಗಳು ರಕ್ತನಾಳ ಹರಿಯುತ್ತವೆ, ಚರ್ಮ ಸೀಳಿ ಹೊರಬರುತ್ತವೆ. ಮಣ್ಣು, ಸಗಣಿ ಸೇರಿದರೆ ಕೀವು. ಅಂಥ ಕಡೆ ರಕ್ತದ ಓಡಾಟವೇ ಕಡಿಮೆ ಇರುವುದರಿಂದ ಔಷಧ ತಲುಪುವುದೂ ಕಷ್ಟ.

ಆದರೂ ಇದು ಪೂರ್ತಿ ಉತ್ತರ ಅಲ್ಲ. ಚೂರಾದ ಮೂಳೆಯನ್ನು ಪ್ಲೇಟು, ಸ್ಕ್ರೂ ಹಾಕಿ ಜೋಡಿಸುವ ವಿದ್ಯೆ ಮನುಷ್ಯರಿಗೆ ಬಂದು ಕಾಲವಾಯಿತು, ಅದನ್ನು ಕುದುರೆಗಳಿಗೂ ತಂದರು. ಹಾಗಿದ್ದೂ ಯಾಕೆ ಉಳಿಯುವುದಿಲ್ಲ? ಇದಕ್ಕೆ ಮೂರು ಕುದುರೆಗಳ ಕಥೆ ಹೇಳಬೇಕು.

ಮೊದಲನೆಯದು ಮಿಲ್ ರೀಫ್. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓಡಿದ ಕುದುರೆ. 1971ರಲ್ಲಿ ಎಪ್ಸಮ್ ಡರ್ಬಿ ಗೆದ್ದಿತು, ಅದೇ ವರ್ಷ ಪ್ಯಾರಿಸ್ಸಿನ ಆರ್ಕ್ ಕೂಡ ಗೆದ್ದಿತು. 1972ರ ಆಗಸ್ಟ್‌ನಲ್ಲಿ ಬೆಳಗಿನ ಅಭ್ಯಾಸದ ಓಟದಲ್ಲಿ ಅದರ ಎಡ ಮುಂಗಾಲು ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು ಹಾಕಿದರು, ಪ್ಲಾಸ್ಟರ್ ಕಟ್ಟಿದರು. ಮಿಲ್ ರೀಫ್ ಸೌಮ್ಯ ಸ್ವಭಾವದ್ದು. ವಾರಗಟ್ಟಲೆ ಪ್ಲಾಸ್ಟರ್ ಹೊತ್ತುಕೊಂಡು ಲಾಯದಲ್ಲಿ ತಾಳ್ಮೆಯಿಂದ ನಿಂತಿತು. ಮತ್ತೆಂದೂ ರೇಸಿನಲ್ಲಿ ಓಡಲಿಲ್ಲ, ಆದರೆ 1986ರವರೆಗೆ ಬದುಕಿತು. ಅದರ ಮಗ ಶರ್ಲಿ ಹೈಟ್ಸ್ 1978ರಲ್ಲಿ ಅಪ್ಪನ ಹಾಗೇ ಡರ್ಬಿ ಗೆದ್ದಿತು. ಅಂದರೆ ಕಾಲು ಮುರಿದ ಕುದುರೆ ಉಳಿಯುವುದೇ ಇಲ್ಲ ಅನ್ನುವುದು ಸುಳ್ಳು. ಸಣ್ಣ ಬಿರುಕು, ಚಿಕ್ಕ ಮೂಳೆಯ ಚಕ್ಕೆ ಇಂಥವನ್ನು ಸರಿಪಡಿಸಿಕೊಂಡು ಮತ್ತೆ ಓಡುವ ಕುದುರೆಗಳೂ ಇವೆ. ತೂಕ ಕಡಿಮೆ ಇರುವ ಮರಿಗಳು ದೊಡ್ಡವಕ್ಕಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ.

ಎರಡನೆಯದು ರಫಿಯನ್. ಕಪ್ಪು ಬಣ್ಣ ಅನ್ನಿಸುವಷ್ಟು ಗಾಢವಾದ ಮೈಯ ಅಮೆರಿಕದ ಹೆಣ್ಣು ಕುದುರೆ. ಓಡಿದ ಹತ್ತಕ್ಕೆ ಹತ್ತು ರೇಸನ್ನೂ ಗೆದ್ದಿತ್ತು. 1973ರಲ್ಲಿ ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಬಾಬಿ ರಿಗ್ಸ್‌ನನ್ನು ಸೋಲಿಸಿದ್ದ ಗುಂಗು ಅಮೆರಿಕದಲ್ಲಿ ಇನ್ನೂ ಇಳಿದಿರಲಿಲ್ಲ. ಹೆಣ್ಣು ಗಂಡಿನ ಪೈಪೋಟಿ ಅಂದರೆ ಟಿವಿಯವರಿಗೆ ಸುಗ್ಗಿ. ಆ ವರ್ಷದ ಕೆಂಟಕಿ ಡರ್ಬಿ ಗೆದ್ದಿದ್ದ ಫೂಲಿಶ್ ಪ್ಲೆಷರ್ ಎಂಬ ಗಂಡು ಕುದುರೆಗೂ ರಫಿಯನ್‌ಗೂ ಇಬ್ಬರದೇ ಓಟ ಏರ್ಪಾಡಾಯಿತು. 1975ರ ಜುಲೈ 6, ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕ್. ಎರಡೂ ಕುದುರೆಗಳ ಮೇಲೆ ಸವಾರಿ ಮಾಡಿ ಗೆದ್ದಿದ್ದ ಜಾಕಿ ಹಸಿಂಟೊ ವಾಸ್ಕೆಸ್ ಆ ದಿನ ರಫಿಯನ್ನನ್ನೇ ಆರಿಸಿಕೊಂಡ.

ರಫಿಯನ್ ಮುಂದಿತ್ತು. ಅಷ್ಟರಲ್ಲಿ ಕೋಲು ಮುರಿದ ಹಾಗೆ ಸದ್ದು. ಬಲ ಮುಂಗಾಲಿನ ಗೊರಸಿನ ಮೇಲಿನ ಕೀಲಿನ ಹಿಂದಿರುವ ಎರಡೂ ಪುಟ್ಟ ಮೂಳೆಗಳು ಒಡೆದಿದ್ದವು. ಜಾಕಿ ಲಗಾಮು ಎಳೆದ. ಆದರೆ ರಫಿಯನ್ ನಿಲ್ಲಲಿಲ್ಲ. ಒಡೆದ ಕಾಲಿನ ಮೇಲೆಯೇ ಓಡಿತು, ಕಾಲನ್ನು ಇನ್ನಷ್ಟು ಹಾಳು ಮಾಡಿಕೊಂಡಿತು. ಆ ರಾತ್ರಿ ಡಾಕ್ಟರುಗಳು ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿದರು, ಭಾರೀ ಪ್ಲಾಸ್ಟರ್ ಕಟ್ಟಿದರು. ಅರಿವಳಿಕೆಯ ಮಂಪರಿನಿಂದ ಎಚ್ಚರವಾಗುತ್ತಿದ್ದ ಹಾಗೆ ಅದು ಮಲಗಿದ್ದಲ್ಲೇ ಕಾಲು ಬಡಿಯತೊಡಗಿತು. ರೇಸ್ ಇನ್ನೂ ಮುಗಿದಿಲ್ಲವೇನೋ ಅನ್ನುವಂತೆ ಓಡುತ್ತಲೇ ಇತ್ತು. ಹಲವರು ಹಿಡಿದರೂ ಆಗಲಿಲ್ಲ. ಪ್ಲಾಸ್ಟರು ಮೊಣಕೈಗೆ ಬಡಿದು ಅದೂ ಮುರಿಯಿತು. ಇನ್ನೊಂದು ಆಪರೇಷನ್ ತಡೆದುಕೊಳ್ಳಲಾರದು ಎಂದು ತೀರ್ಮಾನಿಸಿ ನಡುರಾತ್ರಿ ಕಳೆದ ಮೇಲೆ ಅದನ್ನು ಕೊನೆಗಾಣಿಸಿದರು. ಬೆಲ್ಮಾಂಟ್ ಪಾರ್ಕಿನ ಒಳಗೇ ಹೂಳಿದರು.

ಇಲ್ಲಿ ಸೋತದ್ದು ಮೂಳೆಯ ವಿದ್ಯೆ ಅಲ್ಲ. ಕುದುರೆಗೆ ಹೆದರಿಕೆಯಾದರೆ ಗೊತ್ತಿರುವುದು ಒಂದೇ, ಓಡುವುದು. ನಿನ್ನ ಕಾಲು ಮುರಿದಿದೆ, ಆರು ವಾರ ಅಲ್ಲಾಡಬೇಡ ಎಂದು ಅದಕ್ಕೆ ಹೇಳುವ ಭಾಷೆ ನಮ್ಮಲ್ಲಿಲ್ಲ. ನಮ್ಮ ಮೋರಿಯ ಹತ್ತಿರ ರಾಜ ಜೋತಾಡುವ ಕಾಲನ್ನು ಊರಲು ನೋಡುತ್ತಿದ್ದದ್ದು ಓದುವಾಗ ಕಣ್ಣಿಗೆ ಕಟ್ಟಿತು.

ಮೂರನೆಯ ಕುದುರೆ ಬಾರ್ಬಾರೊ. 2006ರ ಮೇ 6ರಂದು ಕೆಂಟಕಿ ಡರ್ಬಿಯನ್ನು ಆರೂವರೆ ಕುದುರೆಯುದ್ದದ ಅಂತರದಲ್ಲಿ ಗೆದ್ದಿತು. ಎರಡು ವಾರ ಕಳೆದು, ಮೇ 20ರಂದು ಬಾಲ್ಟಿಮೋರಿನ ಪ್ರೀಕ್‌ನೆಸ್ ಓಟದಲ್ಲಿ, ಶುರುವಾದ ಕೆಲವೇ ಕ್ಷಣಗಳಲ್ಲಿ ಬಲ ಹಿಂಗಾಲು ಮುರಿಯಿತು. ಮೂಳೆ 20ಕ್ಕೂ ಹೆಚ್ಚು ಚೂರಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಪಶು ಆಸ್ಪತ್ರೆಗೆ ಸಾಗಿಸಿದರು. ಮಾರನೇ ದಿನ ಡೀನ್ ರಿಚರ್ಡ್‌ಸನ್ ಎಂಬ ಸರ್ಜನ್ ಐದು ಗಂಟೆಗೂ ಮೀರಿ ಆಪರೇಷನ್ ಮಾಡಿ ಪ್ಲೇಟು ಮತ್ತು 27 ಸ್ಕ್ರೂ ಹಾಕಿದರು. ರಫಿಯನ್‌ಗೆ ಆದದ್ದು ಇದಕ್ಕೆ ಆಗಬಾರದಲ್ಲ. ಅದಕ್ಕೆ ಬಾರ್ಬಾರೊವನ್ನು ಒಂದು ದೊಡ್ಡ ರಬ್ಬರ್ ತೆಪ್ಪದಲ್ಲಿಟ್ಟು ಬೆಚ್ಚನೆ ನೀರಿನ ಕೊಳಕ್ಕೆ ಇಳಿಸಿ, ಅಲ್ಲೇ ಎಚ್ಚರವಾಗಲು ಬಿಟ್ಟರು. ನೀರಲ್ಲಿ ಎಷ್ಟು ಕಾಲು ಬಡಿದರೂ ಪೆಟ್ಟಾಗುವುದಿಲ್ಲ.

ಎಲ್ಲ ಚೆನ್ನಾಗಿಯೇ ನಡೆಯಿತು. ಜನ ಕ್ಯಾರೆಟ್, ಸೇಬು, ಹೂವು ಕಳಿಸಿದರು. ಮುರಿದ ಮೂಳೆ ಬಹುಮಟ್ಟಿಗೆ ಕೂಡಿಕೊಳ್ಳುತ್ತಾ ಬಂತು. ಆದರೆ ಜುಲೈನಲ್ಲಿ ತೊಂದರೆ ಬಂದದ್ದು ಮುರಿಯದ ಕಾಲಿನಲ್ಲಿ. ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಎಂಬ ಗೊರಸಿನ ಕಾಯಿಲೆ.

ಗೊರಸಿನ ಒಳಗೆ ಒಂದು ಮೂಳೆ ಇದೆ. ಅದು ತಳದ ಮೇಲೆ ಕೂತಿರುವುದಿಲ್ಲ, ಗೊರಸಿನ ಗೋಡೆಗೆ ಒಳಗಿನಿಂದ ನೇತುಬಿದ್ದಿರುತ್ತದೆ. ಎರಡು ಕೈಯ ಬೆರಳುಗಳನ್ನು ಹೆಣೆದ ಹಾಗೆ ನೂರಾರು ತೆಳು ಪದರಗಳು ಮೂಳೆಯನ್ನು ಗೋಡೆಗೆ ಹಿಡಿದಿರುತ್ತವೆ. ಕುದುರೆ ಹೆಜ್ಜೆ ಎತ್ತಿ ಇಟ್ಟಾಗಲೆಲ್ಲ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದಾಗಲೆಲ್ಲ, ಆ ಪದರಗಳಿಗೆ ರಕ್ತ ಹರಿಯುತ್ತದೆ. ಒಂದು ಕಾಲು ನೋಯುವಾಗ ಅದರ ಜೊತೆಯ ಕಾಲು ಹಗಲು ರಾತ್ರಿ ಭಾರ ಹೊತ್ತು ನಿಂತೇ ಇರಬೇಕು. ರಕ್ತ ಸರಿಯಾಗಿ ಸಿಗದೆ ಪದರಗಳು ಸಾಯುತ್ತವೆ, ಹಿಡಿತ ಬಿಡುತ್ತದೆ, ಮೂಳೆ ಗೋಡೆಯಿಂದ ಕಳಚಿ ಕೆಳಕ್ಕೆ ಇಳಿಯುತ್ತದೆ. ಉಗುರು ಕಿತ್ತ ಬೆರಳ ಮೇಲೆ ನಿಲ್ಲುವುದನ್ನು ಊಹಿಸಿಕೊಳ್ಳಿ. ಬಾರ್ಬಾರೊಗೆ ಎಡ ಗೊರಸಿನ ಬಹುಪಾಲನ್ನು ಕತ್ತರಿಸಿ ತೆಗೆಯಬೇಕಾಯಿತು. ಆರು ತಿಂಗಳು ಹೋರಾಡಿದರು. ಕೊನೆಗೆ ಕಾಯಿಲೆ ಎರಡೂ ಮುಂಗಾಲಿಗೆ ಬಂದಾಗ ಅದಕ್ಕೆ ನಿಲ್ಲಲು ಒಂದು ಒಳ್ಳೆಯ ಕಾಲೂ ಉಳಿದಿರಲಿಲ್ಲ. 2007ರ ಜನವರಿ 29ರಂದು ಕೊನೆಗಾಣಿಸಿದರು.

ನಮ್ಮ ಕೆಲಸದಲ್ಲಿ ಇದನ್ನು ನಾವು ನೋಡಿಲ್ಲವೇ? ನಾಲ್ಕು ಸರ್ವರಿನಲ್ಲಿ ಒಂದು ಬಿದ್ದರೆ ಲೋಡೆಲ್ಲ ಉಳಿದ ಮೂರರ ಮೇಲೆ. ಬಿದ್ದದ್ದನ್ನು ಸರಿಮಾಡುತ್ತಾ ಕೂತಿರುವಾಗ ಚೆನ್ನಾಗಿದ್ದವೇ ಒಂದೊಂದಾಗಿ ಮಲಗುತ್ತವೆ. ಬೆಳಗಿನ ಜಾವ ಮೂರಕ್ಕೆ ಫೋನ್ ಬರುವುದು ಮೊದಲು ಬಿದ್ದ ಸರ್ವರಿನಿಂದಲ್ಲ. ಸರ್ವರಾದರೆ ಎಲ್ಲವನ್ನೂ ಆಫ್ ಮಾಡಿ ಮತ್ತೆ ಆನ್ ಮಾಡಬಹುದು. ಕುದುರೆಯ ಕಾಲಿಗೆ ರಜೆ ಕೊಡಬೇಕಾದರೆ ಅದನ್ನು ಮಲಗಿಸಬೇಕು.

ಮಲಗಿಸಿದರೆ ಏನಾಗುತ್ತದೆ? ಕುದುರೆ ನಿಂತೇ ನಿದ್ದೆ ಮಾಡುವಂತೆ ಅದರ ಕಾಲಿನ ಹುರಿ ಕೀಲುಗಳು ಬೀಗ ಹಾಕಿಕೊಳ್ಳುತ್ತವೆ. ಗಾಢ ನಿದ್ದೆಗೆ ಅದು ಮಲಗುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ದಿನಗಟ್ಟಲೆ ಮಲಗಿದರೆ ಅದರ ಭಾರವೇ ಅದಕ್ಕೆ ಶತ್ರು. ಕೆಳಗಾದ ಶ್ವಾಸಕೋಶ ಸರಿಯಾಗಿ ಅರಳುವುದಿಲ್ಲ, ಮಾಂಸಖಂಡಗಳು ಜಜ್ಜಿಹೋಗುತ್ತವೆ, ಮೈ ಹುಣ್ಣಾಗುತ್ತದೆ, ಕರುಳು ಕೆಲಸ ನಿಲ್ಲಿಸಿ ಹೊಟ್ಟೆಶೂಲೆ ಬರುತ್ತದೆ. ಪಟ್ಟಿಯಲ್ಲಿ ಕಟ್ಟಿ ತೂಗುಹಾಕುವುದನ್ನೂ ಮಾಡಿ ನೋಡಿದ್ದಾರೆ. ಕೆಲವು ಕುದುರೆ ಒಗ್ಗಿಕೊಳ್ಳುತ್ತವೆ, ಹಲವು ಒದ್ದಾಡಿ ಇನ್ನಷ್ಟು ಗಾಯ ಮಾಡಿಕೊಳ್ಳುತ್ತವೆ. ಹಸು, ಎತ್ತಿನ ಜಾತಿಯೇ ಬೇರೆ. ದಿನದ ಅರ್ಧ ಹೊತ್ತು ಮಲಗಿಕೊಂಡು ಮೆಲುಕು ಹಾಕುವುದು ಅವಕ್ಕೆ ಹುಟ್ಟುಗುಣ. ನಮ್ಮ ಹೋರಿಗರು ಹಗುರ ಬೇರೆ. ಬಿದಿರ ದಬ್ಬೆ ಕಟ್ಟಿಕೊಂಡು ಎರಡು ತಿಂಗಳು ಮಲಗಿದ್ದು ಅದಕ್ಕೆ ಶಿಕ್ಷೆಯೇ ಆಗಿರಲಿಲ್ಲ.

"ಕುದ್ರೆ ಮಲಗಾಕಿಲ್ಲ ಕಣ್ಲಾ ಮಗಾ." ಮೂರು ವಾರ ಓದಿ ನಾನು ಬಂದು ನಿಂತದ್ದು ತಾತನ ಆ ಮಾತಿಗೆ.

ಹಾಗಂತ ದುಡ್ಡಿನ ಲೆಕ್ಕ ಇಲ್ಲವೇ ಇಲ್ಲ ಎಂದರೆ ಅದೂ ಪೂರ್ತಿ ನಿಜವಾಗದು. ಮಿಲ್ ರೀಫ್, ಬಾರ್ಬಾರೊಗಳ ಹಿಂದೆ ಸಿರಿವಂತ ಮಾಲೀಕರಿದ್ದರು, ಮುಂದೆ ಮರಿ ಹುಟ್ಟಿಸುವ ಬೆಲೆ ಇತ್ತು. ಬೀಜ ಒಡೆದ ಸಾಧಾರಣ ಕುದುರೆಗೆ, ಗಾಡಿ ಎಳೆಯುವ ಕುದುರೆಗೆ ಐದು ಗಂಟೆಯ ಆಪರೇಷನ್ ಯಾರು ಮಾಡಿಸುತ್ತಾರೆ? ಯಾವ ಕುದುರೆಗೆ ಪ್ರಯತ್ನ ಮಾಡಬೇಕು ಅನ್ನುವುದನ್ನು ದುಡ್ಡು ತೀರ್ಮಾನಿಸುತ್ತದೆ. ಆದರೆ ಪ್ರಯತ್ನ ಗೆಲ್ಲುತ್ತದಾ ಅನ್ನುವುದನ್ನು ದುಡ್ಡು ತೀರ್ಮಾನಿಸುವುದಿಲ್ಲ. ಬಾರ್ಬಾರೊಗೆ ಯಾವುದಕ್ಕೂ ಕೊರತೆ ಇರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿಯಿತು. ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಕೊಲ್ಲುವುದು ಸರಿಯಾ? ಇದಕ್ಕೂ ಚರಿತ್ರೆಯಲ್ಲಿ ಎರಡು ಘಟನೆ ಸಿಕ್ಕವು.

ಒಂದು ನಮ್ಮ ಮೈಸೂರಿನ ಕುದುರೆಗಳ ಹಾದಿಯಲ್ಲೇ ಸಿಕ್ಕಿದ್ದು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಈಟಿ ಹಿಡಿದು ಕುದುರೆ ಓಡಿಸಿಕೊಂಡು ಹೋಗಿ ಮೆಷಿನ್ ಗನ್‌ಗಳಿದ್ದ ಹೈಫಾ ಊರನ್ನು ಗೆದ್ದವು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಎಷ್ಟು ಜನ ನೋಡಿದ್ದೇವೋ. ಆ ದಿನ ಸತ್ತ ಸೈನಿಕರಿಗಿಂತ ಸತ್ತ ಕುದುರೆಗಳು ಎಷ್ಟೋ ಪಟ್ಟು ಹೆಚ್ಚು. ಯುದ್ಧ ಮುಗಿದ ಮೇಲೆ ಆ ರಣರಂಗದಲ್ಲಿ ಬ್ರಿಟಿಷ್ ಸೈನ್ಯಕ್ಕೆ ದುಡಿದು ಬದುಕುಳಿದಿದ್ದ ಸಾವಿರಾರು ಕುದುರೆಗಳನ್ನು ಮನೆಗೆ ಕರೆದೊಯ್ಯಲಿಲ್ಲ, ಈಜಿಪ್ಟಿನಲ್ಲೇ ಮಾರಿದರು. ಗುಂಡಿಕ್ಕಿ ಕೊಲ್ಲುವುದಕ್ಕಿಂತ ಮಾರುವುದೇ ದಯೆ ಎಂದು ಕಂಡಿರಬಹುದು. 1930ರಲ್ಲಿ ಡೊರೊತಿ ಬ್ರೂಕ್ ಎಂಬಾಕೆ, ಸೈನ್ಯಾಧಿಕಾರಿಯ ಹೆಂಡತಿ, ಕೈರೊಗೆ ಬಂದಾಗ ಆ ಕುದುರೆಗಳು ಇನ್ನೂ ಅಲ್ಲಿ ಬೀದಿಗಳಲ್ಲಿ, ಕಲ್ಲುಗಣಿಗಳಲ್ಲಿ ಗಾಡಿ ಎಳೆಯುತ್ತಿದ್ದವು. ಮುದಿಯಾಗಿ, ಕುಂಟಾಗಿ, ಕೆಲವು ಕುರುಡಾಗಿ. ಆಕೆ ಲಂಡನ್ನಿನ ಪತ್ರಿಕೆಗೆ ಕಾಗದ ಬರೆದು ಹಣ ಕೂಡಿಸಿದಳು. ಸುಮಾರು 5,000 ಕುದುರೆಗಳನ್ನು ಕೊಂಡುಕೊಂಡಳು. ಅವುಗಳಲ್ಲಿ ಹೆಚ್ಚಿನವನ್ನು ಒಂದಷ್ಟು ದಿನ ಚೆನ್ನಾಗಿ ಮೇಯಿಸಿ, ಮೆತ್ತನೆಯ ಹುಲ್ಲಿನ ಮೇಲೆ ನಿಲ್ಲಿಸಿ, ನೋವಿಲ್ಲದೆ ಸಾಯಿಸಿದಳು. ಕೊಂಡುಕೊಂಡದ್ದೇ ಅದಕ್ಕೆ. ಕೊಂದವಳು ಯಾರು, ಉಳಿಸಿದವರು ಯಾರು ಎಂದು ನಾನು ಬಹಳ ಹೊತ್ತು ಯೋಚಿಸಿದೆ. 1934ರಲ್ಲಿ ಆಕೆ ಅಲ್ಲೇ ಕಟ್ಟಿದ ಪ್ರಾಣಿಗಳ ಆಸ್ಪತ್ರೆಯಿಂದ ಒಂದು ದೊಡ್ಡ ಸಂಸ್ಥೆಯೇ ಬೆಳೆಯಿತು.

ಎರಡನೆಯದು ಸಾಬರಮತಿ ಆಶ್ರಮದ ಕರು. 1928ರಲ್ಲಿ ಅಲ್ಲೊಂದು ಕರು ಕಾಯಿಲೆಬಿದ್ದು, ಹೊರಳಲೂ ಆಗದೆ ನರಳುತ್ತಿತ್ತು. ವೈದ್ಯರು ಕೈಚೆಲ್ಲಿದರು. ಅಹಿಂಸೆಯ ಗಾಂಧೀಜಿಯೇ ಡಾಕ್ಟರರನ್ನು ಕರೆಸಿ ಅದಕ್ಕೆ ಸೂಜಿ ಹಾಕಿಸಿ ಸಾಯಿಸಿದರು. ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲಿ ಬರೆದರು. ಸಿಟ್ಟಿನ ಕಾಗದಗಳು ರಾಶಿ ಬಿದ್ದವು. ಗಾಂಧೀಜಿ ಹಿಂಜರಿಯಲಿಲ್ಲ. ತನ್ನ ಲಾಭಕ್ಕೆ, ತನ್ನ ಸಿಟ್ಟಿಗೆ ಕೊಲ್ಲುವುದು ಹಿಂಸೆ, ಬೇರೆ ದಾರಿಯೇ ಇಲ್ಲದ ನೋವನ್ನು ಮುಗಿಸುವುದು ಹಾಗಲ್ಲ ಅನ್ನುವುದು ಅವರ ವಾದದ ತಿರುಳು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ 13ನೇ ಸೆಕ್ಷನ್ ಇದೆ. ಬದುಕಿಸಿಡುವುದೇ ಕ್ರೌರ್ಯವಾಗುವಂಥ ಸ್ಥಿತಿಯಲ್ಲಿರುವ ಪ್ರಾಣಿಯನ್ನು ಕೊನೆಗಾಣಿಸಲು ಅದು ಅವಕಾಶ ಕೊಡುತ್ತದೆ.

ಇಷ್ಟೆಲ್ಲ ಓದಿ ಮುಗಿಸಿದಾಗ ಹೇಳಬೇಕಾದ ಇಬ್ಬರಲ್ಲಿ ಒಬ್ಬರು ಇರಲಿಲ್ಲ. ತಾತ ತೀರಿಕೊಂಡು ಹದಿನಾಲ್ಕು ವರ್ಷ. ರಾಜ ಸತ್ತ ಮೇಲೆ ನಾನು ಅವರ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ. ಅವರು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ಇನ್ನೊಬ್ಬ ಊರಿನಲ್ಲೇ ಇದ್ದಾನೆ. ಲಗೇಜ್ ಆಟೋ ಓಡಿಸುತ್ತಾನೆ. ಹೋದ ಶನಿವಾರ ಊರಿಗೆ ಹೋದವನು ಬಸ್‌ಸ್ಟಾಪಿನಲ್ಲಿ ಅವನನ್ನು ಹಿಡಿದೆ. ಟೀ ಕುಡಿಯುತ್ತಾ ರಾಜನ ಮಾತು ತೆಗೆದೆ. ಗೊರಸು, ಪದರ, ಬಾರ್ಬಾರೊ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಇದನ್ನ ತಿಳ್ಕೊಳ್ಳೋಕೆ ಅಮೇರಿಕದ ಕುದ್ರೆ ಬೇಕಾಯ್ತಾ ನಿನಗೆ?" ಅಂತ ನಕ್ಕ.

"ಅವತ್ತು ಶಾಲೇಲಿ ನಾನು ಹಂಗಂದಿದ್ದು ತಪ್ಪು ಕಣೋ" ಅಂದೆ.

"ಯಾವಾಗ?" ಅಂದ. ನೆನಪಿಲ್ಲದವನ ಹಾಗೆ ಮಾಡಿದನೋ, ನಿಜಕ್ಕೂ ಮರೆತಿದ್ದನೋ ತಿಳಿಯಲಿಲ್ಲ. ಟೀ ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ರಾಜನ್ನ ಸಾಲ ಮಾಡಿ ತಂದಿದ್ರು ಕಣೋ ಅಪ್ಪ. ಅದು ಸತ್ತ ಮ್ಯಾಲೆ ಇನ್ನೂ ಎರಡು ವರ್ಷ ಕಂತು ಕಟ್ಟಿದ್ರು. ಗಾಡಿ ಮಾರಿದ್ರು, ಲಗಾಮು ಮಾತ್ರ ಮಾರ್ಲಿಲ್ಲ."

ಟೀ ದುಡ್ಡನ್ನು ನಾನು ಕೊಡುತ್ತೇನೆಂದರೂ ಬಿಡಲಿಲ್ಲ, ಅವನೇ ಕೊಟ್ಟ. ಆಮೇಲೆ ಆಟೋದ ಮುಂದಿನ ಸೀಟಿನಲ್ಲಿದ್ದ ಸಾಮಾನನ್ನು ಹಿಂದಕ್ಕೆ ಎಸೆದು, "ಹತ್ತು, ಮನೆ ತಂಕ ಬಿಡ್ತೀನಿ" ಅಂದ.